ಜೈಲಿನ ಅಪೋಥೆಕರಿ: ಸಂಬಳ ಕೌಂಟಿಯದ್ದು, ಔಷಧಿ ಖರ್ಚು ಯಾರದ್ದು? (ಇಂಗ್ಲೆಂಡ್, 1774–1830)

ಹಳೇಕಡತ
1774ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕೈದಿಗಳ ಆರೋಗ್ಯಕ್ಕೆ ಅಂತಲೇ ಒಂದು ಕಾಯ್ದೆ ಮಾಡಿತು. ವರ್ಷಕ್ಕೆ ಒಂದು ಸಲವಾದರೂ ಗೋಡೆ, ಸೂರು ಕೆರೆದು ಸುಣ್ಣ ಬಳಿಯಬೇಕು. ಕಾಯಿಲೆ ಬಿದ್ದವರಿಗೆ ಗಂಡಸರದ್ದೊಂದು, ಹೆಂಗಸರದ್ದೊಂದು ಕೋಣೆ ಬೇರೆ ಇರಬೇಕು. ಸ್ನಾನಕ್ಕೆ ತೊಟ್ಟಿ ಇರಬೇಕು. ಆಮೇಲೆ, ಅನುಭವಸ್ಥ ಸರ್ಜನ್ "ಅಥವಾ" ಅಪೋಥೆಕರಿ (ಔಷಧಿ ತಯಾರಿಸಿ ಕೊಡುವವನು) ಒಬ್ಬನನ್ನು ಗೊತ್ತುಪಡಿಸಿದ ಸಂಬಳಕ್ಕೆ ನೇಮಿಸಬೇಕು, ಅವನು ಕೈದಿಗಳ ಆರೋಗ್ಯದ ಬಗ್ಗೆ, ವರ್ಷಕ್ಕೆ ನಾಲ್ಕು ಸಲ ಸೇರೋ ಕೌಂಟಿ ಕೋರ್ಟಾದ ಕ್ವಾರ್ಟರ್ ಸೆಷನ್ಸ್‌ನಲ್ಲಿ ಕೂರುವ ನ್ಯಾಯಾಧೀಶರಿಗೆ ವರದಿ ಕೊಡಬೇಕು.

ನನಗೆ ತಿಳೀಬೇಕಾಗಿರೋದು ಇಷ್ಟು. ಆ "ಅಥವಾ" ಯಾಕೆ? ಆ ಕಾಲಕ್ಕೆ ಸರ್ಜನ್ನೂ ಅಪೋಥೆಕರಿಯೂ ಬೇರೆ ಬೇರೆ ವೃತ್ತಿ ಅಲ್ವಾ? ಸಂಬಳದಲ್ಲಿ ಔಷಧಿ ಖರ್ಚೂ ಸೇರಿತ್ತಾ? ಜೈಲರ್ ಒಂದು ಹೇಳಿ ಅಪೋಥೆಕರಿ ಇನ್ನೊಂದು ಹೇಳಿದ್ರೆ ಯಾರ ಮಾತು ನಡೀತಿತ್ತು? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಕುಟ್ಟಾಣಿ
ಕಾಗದದ ಮೇಲೆ ಮೂರು ಮೆಟ್ಟಿಲು. ಮೇಲೆ ಫಿಸಿಶಿಯನ್: ವಿಶ್ವವಿದ್ಯಾಲಯದ ಪದವಿ, ಲ್ಯಾಟಿನ್, ರೋಗಿಯನ್ನು ನೋಡಿ ಚೀಟಿ ಬರೆಯೋದಷ್ಟೇ ಕೆಲಸ. ನಡುವೆ ಸರ್ಜನ್: ಮೂಳೆ, ಗಾಯ, ಕುರು, ಒಟ್ಟಿನಲ್ಲಿ ಕತ್ತಿ ಹಿಡಿಯೋ ಕೆಲಸ. ಕೆಳಗೆ ಅಪೋಥೆಕರಿ: ಚೀಟಿ ನೋಡಿ ಔಷಧಿ ಅರೆದು ಕೊಡುವವನು. 1617ರ ತನಕ ಲಂಡನ್ನಿನ ಅಪೋಥೆಕರಿಗಳು ದಿನಸಿ ವ್ಯಾಪಾರಿಗಳ ಸಂಘದೊಳಗೇ ಇದ್ದರು, ಆ ವರ್ಷ ದೊರೆ ಒಂದನೇ ಜೇಮ್ಸ್ ಸನದು ಕೊಟ್ಟು ಬೇರೆ ಮಾಡಿದ.

ಅಸಲಿ ತಿರುವು 1704. ವಿಲಿಯಂ ರೋಸ್ ಅನ್ನೋ ಅಪೋಥೆಕರಿ ಫಿಸಿಶಿಯನ್ನಿನ ಚೀಟಿ ಇಲ್ಲದೆ ಒಬ್ಬ ಕಟುಕನಿಗೆ ಔಷಧಿ ಕೊಟ್ಟ ಅಂತ ಫಿಸಿಶಿಯನ್‌ಗಳ ಕಾಲೇಜು ಕೇಸು ಹಾಕಿತ್ತು. ಕೆಳಗಿನ ಕೋರ್ಟಲ್ಲಿ ಕಾಲೇಜು ಗೆದ್ದಿತು, ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹಾಕಿತು. ಅಲ್ಲಿಂದಾಚೆ ಅಪೋಥೆಕರಿ ರೋಗಿಯನ್ನು ನೋಡಬಹುದು, ಸಲಹೆ ಕೊಡಬಹುದು, ಆದರೆ ಸಲಹೆಗೆ ದುಡ್ಡು ಕೇಳೋ ಹಾಗಿಲ್ಲ. ಕೊಟ್ಟ ಔಷಧಿಗೆ ಮಾತ್ರ ಬಿಲ್ಲು.

ಲಂಡನ್ ಬಿಟ್ಟು ಹೊರಗೆ ಹೋದರೆ ಈ ಮೆಟ್ಟಿಲೆಲ್ಲ ಹೆಸರಿಗಷ್ಟೇ. ಸಣ್ಣ ಊರುಗಳಲ್ಲಿ ಒಬ್ಬನೇ ಮನುಷ್ಯ ಸರ್ಜನ್ನೂ ಹೌದು, ಅಪೋಥೆಕರಿಯೂ ಹೌದು, ಹಲ್ಲು ಕೀಳೋನೂ ಅವನೇ. ಕಾಯ್ದೆ ಬರೆದವರಿಗೆ ಅದು ಗೊತ್ತಿತ್ತು. ಫಿಸಿಶಿಯನ್ನೇ ಬೇಕು ಅಂದಿದ್ದರೆ ಅರ್ಧ ಕೌಂಟಿಗಳಲ್ಲಿ ಆ ಹುದ್ದೆ ಖಾಲಿ ಬಿದ್ದಿರೋದು.

ನಿಂಬೆಹುಳಿ
ಅಂದ್ರೆ ಮಾತು ಫ್ರೀ, ಸೀಸೆಗೆ ದುಡ್ಡು. ರೋಗಿಗೆ ಸೀಸೆ ಮೇಲೆ ಸೀಸೆ ಬಿದ್ದಿರ್ಬೇಕು 😀

ಕುಟ್ಟಾಣಿ
ಬೀಳ್ತಿತ್ತು. ಒಂದೇ ದೊಡ್ಡ ಬಾಟಲಿಯಲ್ಲಿ ಕೊಡಬಹುದಾದ್ದನ್ನು ಒಂದೊಂದು ಗುಟುಕಿನ ಸಣ್ಣ ಸೀಸೆಗಳಲ್ಲಿ ಕಟ್ಟಿ, ಒಂದೊಂದಕ್ಕೂ ಬಿಲ್ಲು ಹಾಕೋದು. ಅಪೋಥೆಕರಿಗಳನ್ನು ಎಲ್ಲರೂ ಆಡಿಕೊಳ್ತಿದ್ದದ್ದೇ ಇದಕ್ಕೆ. ನೋಡೋ ಕೆಲಸಕ್ಕೂ ಶುಲ್ಕ ಕೇಳಬಹುದು ಅಂತ ಕೋರ್ಟುಗಳು ಒಪ್ಪಿದ್ದು 1830ರ ಆಸುಪಾಸಿಗೆ.

ಹುಬ್ಳಿಮಾಸ್ತರ
ಇಲ್ಲೇ ಐತ್ರಿ ಗಂಟು. ಹೊರಗಿನ ರೋಗಿಗೆ ಬಿಲ್ಲು, ಜೈಲಿಗೆ ವರ್ಷದ ಸಂಬಳ. ಸಂಬಳದಾಗ ಔಷಧಿನೂ ಸೇರೇತಿ ಅಂದ್ರ ಒಳಗ ಕೊಟ್ಟ ಒಂದೊಂದು ಗುಳಿಗಿನೂ ಅಪೋಥೆಕರಿ ಕಿಸೆದಾಗಿನ ರೊಕ್ಕ. ಅದೇ ಮನಷ್ಯಾ ಊರಾಗ ಹತ್ತು ಸೀಸೆ ಕೊಡಾಂವ, ಜೈಲಿನ್ಯಾಗ ಅರ್ಧ ಸೀಸೆ ಕೊಡಾಂವ.

ಜೈಲು ಸುಧಾರಣಾ ಆಗಬೇಕಂತ ಓಡಾಡಿದ ಜಾನ್ ಹೊವಾರ್ಡ್ ಒಂದೊಂದು ಜೈಲಿಗೂ ಹೋಗಿ ಬರದಿಟ್ಟಾನ, 1777ರ ಪುಸ್ತಕದಾಗ ಪ್ರತಿ ಜೈಲಿನ ಮುಂದ ಸರ್ಜನ್ ಯಾರು, ಸಂಬಳ ಎಷ್ಟು ಅಂತ ಐತಿ. ಕೆಲವು ಕಡೆ ಸಂಬಳ. ಕೆಲವು ಕಡೆ ಸಂಬಳ ಇಲ್ಲ, "ಬಿಲ್ಲು ಮಾಡ್ತಾನ" ಅಷ್ಟೇ. ಕೆಲವು ಕಡೆ ಯಾರೂ ಇಲ್ಲ. ಇನ್ನ ಕೆಲವು ಕಡೆ ಅಪರಾಧಿಗಳಿಗೆ ಮಾತ್ರ ನೋಡಬೇಕು, ಸಾಲಗಾರ ಕೈದಿ ಸತ್ತರೂ ಕರಾರಿನ್ಯಾಗ ಇಲ್ಲ.

ಎಲ್ಲಾಕ್ಕಿಂತ ಮೇಲೆ ಎಕ್ಸೆಟರ್. ಅಲ್ಲಿ ಸರ್ಜನ್ ಕರಾರಿನ್ಯಾಗ ಏನು ಬರ್ಕೊಂಡಿದ್ದಾ ಅಂದ್ರ, ನೆಲಮಾಳಿಗಿ ಕತ್ತಲಕೋಣ್ಯಾಗ ಜೈಲುಜ್ವರ ಬಂದ ಕೈದಿನ್ನ ನೋಡೂದರಿಂದ ಅವಂಗ ಮಾಫಿ. ಜೈಲಿನ್ಯಾಗ ಮಂದಿ ಸಾಯೂದು ಆ ಜ್ವರಕ್ಕ, ಡಾಕ್ಟರು ನೋಡೂದು ಅದೊಂದು ಬಿಟ್ಟು ಉಳಿದದ್ದು!

ಕರಾವಳಿಕಾಗೆ
ಮಾಸ್ತರೇ, ಅವನನ್ನು ಬಯ್ಯುವ ಮೊದಲು ಆ ಜ್ವರ ಎಂತದ್ದು ಅಂತ ನೋಡಿ ಮಾರಾಯ್ರೆ. 1750ರಲ್ಲಿ ನ್ಯೂಗೇಟ್ ಜೈಲಿನಿಂದ ಓಲ್ಡ್ ಬೇಲಿ ಕೋರ್ಟಿಗೆ ಕೈದಿಗಳನ್ನು ತಂದರು. ಆಮೇಲೆ ಜ್ವರ ಹಿಡಿದು ಲಂಡನ್ನಿನ ಲಾರ್ಡ್ ಮೇಯರ್ ಸ್ಯಾಮ್ಯುಯೆಲ್ ಪೆನೆಂಟ್ ಹೋದ, ಇಬ್ಬರು ನ್ಯಾಯಾಧೀಶರು ಹೋದರು, ಜ್ಯೂರಿಯವರು, ವಕೀಲರು ಅಂತ ಹತ್ತಾರು ಜನ ಹೋದರು. ಕೋರ್ಟಿನಲ್ಲಿ ದೂರ ಕೂತವರಿಗೇ ಹಾಗಾದರೆ ಕೈದಿಯ ನಾಡಿ ಹಿಡಿಯುವವನ ಗತಿ? 1783ರಲ್ಲಿ ವೂಸ್ಟರ್ ಜೈಲಿನ ರೋಗಿಗಳನ್ನು ನೋಡಲು ಹೋದ ಡಾಕ್ಟರ್ ಜಾನ್‌ಸ್ಟನ್, ಹುಡುಗ ಪ್ರಾಯದವ, ಅದೇ ಜ್ವರಕ್ಕೆ ತೀರಿಕೊಂಡ.

ಅದು ಟೈಫಸ್. ಹರಡುವುದು ಬಟ್ಟೆಯ ಹೊಲಿಗೆಯಲ್ಲಿ ಇರುವ ಕೂರೆಯಿಂದ. ಅದು ಖಚಿತವಾದದ್ದು 1909ರಲ್ಲಿ, ಟ್ಯೂನಿಸ್‌ನಲ್ಲಿ, ಶಾರ್ಲ್ ನಿಕೋಲ್ ಕೈಯಿಂದ. 1774ರಲ್ಲಿ ಎಲ್ಲರೂ ನಂಬಿದ್ದು ಕೆಟ್ಟ ಗಾಳಿ, ದುರ್ವಾಸನೆ. ಅದಕ್ಕೇ ಕೋರ್ಟಿನಲ್ಲಿ ನಾಗದಾಳಿ ಸೊಪ್ಪು ಹರಡುವುದು, ಹೊವಾರ್ಡ್ ವಿನಿಗರ್ ಸೀಸೆ ಮೂಸುತ್ತಾ ಒಳಗೆ ಹೋಗುವುದು. ಅವನ ಟಿಪ್ಪಣಿ ಪುಸ್ತಕವನ್ನೂ ಬೆಂಕಿಯ ಮುಂದೆ ಹಿಡಿದು ಕಾಯಿಸದೆ ಬಿಡಿಸುವ ಹಾಗೆ ಇರಲಿಲ್ಲ.

ಹುಬ್ಳಿಮಾಸ್ತರ
ಅಂಜಿಕಿ ಖರೇ ಐತಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಕರಾರಿಗೆ ಸಹಿ ಹಾಕಿದ ನ್ಯಾಯಾಧೀಶರದ್ದು ಏನು? ಅವರೇ ಅಲ್ಲೇನು ವರದಿ ಓದಾವ್ರು?

ಗುಲ್ಕಂದ್
ಕರಾರು ಎಲ್ಲಾ ಆಯ್ತು. ಇವರು ಒಳಗೆ ಕೂತು ಏನು ಮಾಡ್ತಿದ್ರು ಅನ್ನೋದನ್ನೂ ಹೇಳಿ ಯಾರಾದ್ರೂ. ಔಷಧಿ ಪೆಟ್ಟಿಗೇಲಿ ಏನಿರ್ತಿತ್ತು?

ಕುಟ್ಟಾಣಿ
ದಿನನಿತ್ಯದ ಸರಕು ಹೆಚ್ಚೇನಿಲ್ಲ. ಭೇದಿ ಮಾಡಿಸೋಕೆ ಸೋನಾಮುಖಿ, ಎಪ್ಸಂ ಉಪ್ಪು. ಕಜ್ಜಿಗೆ ಹಂದಿಕೊಬ್ಬಿನಲ್ಲಿ ಕಲಸಿದ ಗಂಧಕ. ಚಳಿಜ್ವರಕ್ಕೆ ಸಿಂಕೋನಾ ತೊಗಟೆಯ ಪುಡಿ. ಹೊಟ್ಟೆ ಕೆಟ್ಟರೆ ಸೀಮೆಸುಣ್ಣದ ಮಿಶ್ರಣ. ನೋವಿಗೆ, ನಿದ್ದೆಗೆ ಲಾಡನಮ್, ಅಂದ್ರೆ ಅಫೀಮಿನ ದ್ರಾವಣ. ಮಿಕ್ಕಿದ್ದಕ್ಕೆಲ್ಲ ಪಾದರಸ.

ಪಾದರಸದ "ನೀಲಿ ಗುಳಿಗೆ" ಮಾಡೋದು ತೋಳು ಬೀಳುವ ಕೆಲಸ. ಎರಡು ಔನ್ಸ್ ಪಾದರಸ, ಮೂರು ಔನ್ಸ್ ಗುಲ್ಕಂದು (ನಿಮ್ಮ ಹೆಸರೇ), ಒಂದು ಔನ್ಸ್ ಅತಿಮಧುರದ ಪುಡಿ. ಮೊದಲು ಪಾದರಸ, ಗುಲ್ಕಂದು ಎರಡನ್ನೂ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೀಬೇಕು. ಹೊಳೆಯೋ ಗುಂಡು ಒಂದೂ ಕಾಣಬಾರದು. ಆಮೇಲೆ ಅತಿಮಧುರ ಹಾಕಿ ಮುದ್ದೆ ಮಾಡಿ, ಎಳೆ ಎಳೆದು, ಕತ್ತರಿಸಿ ಉರುಳಿಸೋದು. ಮುದ್ದೆಯ ತೂಕದಲ್ಲಿ ಮೂರನೇ ಒಂದು ಪಾಲು ಪಾದರಸ. ಮೂರು ಗ್ರೇನ್ ಗುಳಿಗೆಯಲ್ಲಿ ಒಂದು ಗ್ರೇನ್.

ಎಡವೋದು ಎಲ್ಲಿ ಅಂದ್ರೆ, ಅರೆಯೋ ಹುಡುಗ ಬೇಜಾರಾಗಿ ಅರ್ಧಕ್ಕೆ ನಿಲ್ಲಿಸ್ತಾನೆ. ಸಣ್ಣ ಸಣ್ಣ ಗುಂಡು ಹಾಗೇ ಉಳಿದು ಮುದ್ದೆಯ ತಳಕ್ಕೆ ಇಳಿಯುತ್ತೆ. ಮೇಲಿನ ಮುದ್ದೆಯ ಗುಳಿಗೆ ಸಪ್ಪೆ, ತಳದ್ದು ಭಾರ. ಒಬ್ಬ ಕೈದಿಗೆ ಏನೂ ಆಗಲ್ಲ, ಪಕ್ಕದವನಿಗೆ ಪಾದರಸ ಹೆಚ್ಚಾಗಿ ಬಾಯಲ್ಲಿ ಜೊಲ್ಲು ಹರಿಯುತ್ತೆ. ಚೂರು ಮುದ್ದೆ ಕಾಗದದ ಮೇಲೆ ತೆಳ್ಳಗೆ ಸವರಿ ಭೂತಗನ್ನಡಿ ಹಿಡಿದು ನೋಡಿದ್ರೆ ಗೊತ್ತಾಗಿಬಿಡುತ್ತೆ.

ಸೀಮೆಸುಣ್ಣದ ಮಿಶ್ರಣದ್ದು ಇನ್ನೊಂದು ತರಲೆ. ಗೋಂದು ಸಾಕಷ್ಟು ಹಾಕದಿದ್ರೆ ಸುಣ್ಣ ತಳ ಹಿಡಿಯುತ್ತೆ. ವಾರ್ಡಿನಲ್ಲಿ ಕೊಡೋನು ಬಾಟಲಿ ಅಲುಗಿಸದೆ ಬಗ್ಗಿಸಿದ್ರೆ ಮೊದಲ ಹತ್ತು ಜನಕ್ಕೆ ಬರೀ ದಾಲ್ಚಿನ್ನಿ ನೀರು, ಕೊನೆಯವನಿಗೆ ಗಾರೆ.

ತೂಕದಕಲ್ಲು
ಔನ್ಸ್ ಅಂತ ಸುಮ್ಮನೆ ಬರೆದ್ರೆ ಆಗಲ್ಲ ಸಾರ್, ಯಾವ ಔನ್ಸ್? ಅಪೋಥೆಕರಿ ತೂಕದಲ್ಲಿ 20 ಗ್ರೇನ್ ಒಂದು ಸ್ಕ್ರೂಪಲ್, 3 ಸ್ಕ್ರೂಪಲ್ ಒಂದು ಡ್ರಾಮ್, 8 ಡ್ರಾಮ್ ಒಂದು ಔನ್ಸ್, 12 ಔನ್ಸ್ ಒಂದು ಪೌಂಡ್. ಔನ್ಸಿಗೆ 480 ಗ್ರೇನ್, ಪೌಂಡಿಗೆ 5,760. ಸಗಟು ಅಂಗಡಿಯವನು ತೂಗೋದು ದಿನಸಿ ತೂಕದಲ್ಲಿ: ಔನ್ಸಿಗೆ 437½ ಗ್ರೇನ್, 16 ಔನ್ಸಿನ ಪೌಂಡಿಗೆ 7,000.

ಈಗ ಲೆಕ್ಕ ಹಾಕಿ. ತೊಗಟೆ ಪುಡಿ ಒಂದು ಪೌಂಡ್ ತಂದ್ರಿ, ಬಿಲ್ಲಿನಲ್ಲಿ 16 ಔನ್ಸ್. ಚೀಟಿ ಪ್ರಕಾರ ತೂಗಿ ಕೊಡ್ತಾ ಹೋದ್ರೆ ಹದಿನಾಲ್ಕೂವರೆ ಔನ್ಸಿಗೆಲ್ಲ ಡಬ್ಬ ಖಾಲಿ. ಎರಡು ಪುಸ್ತಕ ಎದುರಾ ಬದುರಾ ಇಟ್ಟು ನೋಡೋ ಗುಮಾಸ್ತನಿಗೆ ಒಂದೂವರೆ ಔನ್ಸ್ ಕಳುವಾದ ಹಾಗೇ ಕಾಣುತ್ತೆ. ಅಪೋಥೆಕರಿ ಕದ್ದಿಲ್ಲ, ಒಂದು ಗ್ರೇನೂ ಹೋಗಿಲ್ಲ. ಕೊಳ್ಳೋ ಕಲ್ಲು ಬೇರೆ, ಕೊಡೋ ಕಲ್ಲು ಬೇರೆ, ಅಷ್ಟೇ.

ಹನಿಗಳ ಕಥೆ ಇದಕ್ಕಿಂತ ಕೆಟ್ಟದ್ದು. ಲಾಡನಮ್ ಸಾರಾಯಿಯಲ್ಲಿ ಕರಗಿಸಿದ ಅಫೀಮು, ಅದರ ಹನಿ ನೀರಿನ ಹನಿಯ ಅರ್ಧದಷ್ಟೇ ಇರುತ್ತೆ. ಸೀಸೆಯ ಬಾಯಿ ದಪ್ಪ ಇದ್ರೆ ಹನಿಯೂ ದಪ್ಪ. "20 ಹನಿ" ಅಂತ ಫಿಸಿಶಿಯನ್ ಬರೆದ್ರೆ ಸೀಸೆಯಿಂದ ಸೀಸೆಗೆ ಅಫೀಮಿನ ಪ್ರಮಾಣ ಬೇರೆ. ಅದಕ್ಕೇ 1809ರ ಲಂಡನ್ ಫಾರ್ಮಕೋಪಿಯಾದಲ್ಲಿ (ಔಷಧಿ ತಯಾರಿಕೆಯ ಅಧಿಕೃತ ಪುಸ್ತಕ) "ಮಿನಿಮ್" ತಂದರು, ದ್ರವದ ಡ್ರಾಮಿನಲ್ಲಿ 60ನೇ ಒಂದು ಪಾಲು, ಗೀಟು ಹಾಕಿದ ಗಾಜಿನ ಅಳತೆಯಲ್ಲಿ ಅಳೆಯೋದು. ಹಳಬರು ಮಿನಿಮ್ ಅಂದ್ರೂ ಹನಿ ಅಂದ್ರೂ ಒಂದೇ ಅಂತ ಹಳೇ ಚಾಳಿಯಲ್ಲೇ ಎಣಿಸಿದ್ರೆ ರೋಗಿಗೆ ಸಿಗೋದು ಬರೆದದ್ದರ ಅರ್ಧ. "ನಿನ್ನ ಔಷಧಿ ಸತ್ವ ಇಲ್ಲ" ಅಂತ ಫಿಸಿಶಿಯನ್, "ನೀವು ಬರೆದದ್ದೇ ಅಷ್ಟು" ಅಂತ ಅಪೋಥೆಕರಿ. ಇಬ್ಬರೂ ಸತ್ಯವಂತರೇ.

ನಿಂಬೆಹುಳಿ
ಸಿಂಕೋನಾ ಟೈಫಸ್‌ಗೆ ಕೆಲಸ ಮಾಡುತ್ತಾ?

ಕರಾವಳಿಕಾಗೆ
ಇಲ್ಲ. ಆ ತೊಗಟೆಯಲ್ಲಿರುವ ಕ್ವಿನೈನ್ ಕೆಲಸ ಮಾಡುವುದು ಮಲೇರಿಯಾದ ಚಳಿಜ್ವರಕ್ಕೆ. ಇಂಗ್ಲೆಂಡಿನ ಪೂರ್ವದ ಜೌಗು ಸೀಮೆಯಲ್ಲಿ ಆಗ ಆ ಜ್ವರ ಧಾರಾಳ ಇತ್ತು. ಜೈಲುಜ್ವರಕ್ಕೂ ತೊಗಟೆ, ದ್ರಾಕ್ಷಾರಸ ಕೊಡುತ್ತಿದ್ದರು, ಎರಡೂ ಜ್ವರವೇ ಅಲ್ವಾ ಅಂತ. ತೊಗಟೆ ದುಬಾರಿ, ಕಲಬೆರಕೆಯೂ ಜಾಸ್ತಿ. ಔಷಧಿ ಖರ್ಚು ತನ್ನದೇ ಆದ ಅಪೋಥೆಕರಿ ಮೊದಲು ಕೈ ಬಿಗಿ ಮಾಡುವುದು ಇಲ್ಲಿಯೇ. ಟೈಫಸ್ ರೋಗಿಗೆ ಅದರಿಂದ ನಷ್ಟವೇನಿಲ್ಲ. ಚಳಿಜ್ವರದವನ ಕಥೆ ಮುಗಿಯಿತು.

ಹಳೇಕಡತ
ಹೊಗೆ ಹಾಕೋ ಪದ್ಧತಿ ಬಗ್ಗೆ ಓದಿದ್ದೆ, ಅದರ ಮೇಲೂ ಜಗಳ ಆಗಿತ್ತಲ್ವಾ?

ಕುಟ್ಟಾಣಿ
ಆಗಿತ್ತು, ಅದೂ ಬಹುಮಾನದ ದುಡ್ಡಿಗೆ. ಜೇಮ್ಸ್ ಕಾರ್ಮೈಕೆಲ್ ಸ್ಮಿತ್ ಅಂತ ಫಿಸಿಶಿಯನ್. 1780ರಲ್ಲಿ ವಿಂಚೆಸ್ಟರ್‌ನಲ್ಲಿ ಸ್ಪೇನಿನ ಯುದ್ಧಕೈದಿಗಳಿಗೆ ಜೈಲುಜ್ವರ ಬಂದಾಗ ಆಮ್ಲದ ಹೊಗೆ ಹಾಕಿದ. ಆಮೇಲೆ 1795–96ರಲ್ಲಿ ಶಿಯರ್ನೆಸ್‌ನ ಆಸ್ಪತ್ರೆ ಹಡಗಿನಲ್ಲಿ ದೊಡ್ಡ ಪ್ರಯೋಗ ನಡೀತು. ವಿಧಾನ ಹೀಗೆ: ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಒಂದು ಪಿಂಗಾಣಿ ಬಟ್ಟಲು ಹುಗಿಯೋದು. ಬಟ್ಟಲಲ್ಲಿ ಅರ್ಧ ಔನ್ಸ್ ಗಟ್ಟಿ ಗಂಧಕಾಮ್ಲ, ಅದು ಬಿಸಿಯಾದ ಮೇಲೆ ಅಷ್ಟೇ ತೂಕದ ಪೆಟ್ಲುಪ್ಪಿನ ಪುಡಿ ಸ್ವಲ್ಪ ಸ್ವಲ್ಪವಾಗಿ. ಗಾಜಿನ ಕಡ್ಡಿಯಲ್ಲಿ ಕದಡಿದ್ರೆ ಬಿಳಿ ಹೊಗೆ ಏಳುತ್ತೆ. ಬಟ್ಟಲು ಹಿಡಿದು ವಾರ್ಡೆಲ್ಲ ಸುತ್ತೋದು.

ಕಬ್ಬಿಣದ ಚಮಚ ಹಾಕಿದ್ರೋ, ಮರಳು ಜಾಸ್ತಿ ಕಾಯಿಸಿದ್ರೋ, ಕೆಂಪು ಹೊಗೆ ಬರುತ್ತೆ. ಎದೆ ಹಿಡಿದು ಕೆಮ್ಮು. ರೋಗಿಗಳು ಒಳಗಿರುವಾಗಲೇ ಹಾಕ್ತಿದ್ರು, ಅದಕ್ಕೆ ಪಿಂಗಾಣಿ ಬಿಟ್ಟು ಬೇರೆ ಪಾತ್ರೆ ಮುಟ್ಟಬೇಡಿ ಅನ್ನೋ ಕಟ್ಟಪ್ಪಣೆ.

1802ರಲ್ಲಿ ಪಾರ್ಲಿಮೆಂಟು ಇವನಿಗೆ 5,000 ಪೌಂಡ್ ಕೊಡ್ತು. ತಕ್ಷಣ ಎರಡು ಕಡೆಯಿಂದ ತಕರಾರು. ಫ್ರಾನ್ಸಿನವರು ನಮ್ಮ ಗೀಟನ್ ದ ಮೋರ್ವೊ 1773ರಲ್ಲೇ ದಿಜೋನ್‌ನಲ್ಲಿ ಉಪ್ಪಿನ ಆಮ್ಲದ ಹೊಗೆ ಹಾಕಿದ್ದ ಅಂದರು. ವೂಸ್ಟರಿನ ಜಾನ್‌ಸ್ಟನ್ ಮನೆಯವರು ನಮ್ಮ ತಂದೆ ಜೇಮ್ಸ್ ಜಾನ್‌ಸ್ಟನ್ 1750ರ ದಶಕದಲ್ಲೇ ಬರೆದಿದ್ದರು ಅಂದರು. ಕಾಗೆಯವರು ಮೇಲೆ ಹೇಳಿದ ಆ ಹುಡುಗ ಡಾಕ್ಟರ್ ಇದೇ ಮನೆಯವನು.

ಕರಾವಳಿಕಾಗೆ
ಮೂರು ಜನ ಕಚ್ಚಾಡಿದ್ದು ಕೂರೆಗೆ ತಾಗದ ಹೊಗೆಗಾಗಿ! ಕೆಲಸ ಮಾಡಿದ್ದು ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹೇಳಿದ ವಿಧಾನ, ಬಟ್ಟೆಯನ್ನು ಬಿಸಿ ಒಲೆಯಲ್ಲಿ ಹಾಕಿ ಬೇಯಿಸುವುದು. ಬಿಸಿಗೆ ಕೂರೆಯೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಅವನಿಗೆ 5,000 ಕೊಟ್ಟವರಿಲ್ಲ.

ಕುಟ್ಟಾಣಿ
ಹೊಗೆ ಹಾಕೋ ದಿನ ನೆಲ ತೊಳೀತಿದ್ರು, ಹಾಸಿಗೆ ಹೊರಗೆ ಹಾಕ್ತಿದ್ರು, ಕೊಳಕು ಬಟ್ಟೆ ತೆಗೀತಿದ್ರು. ಫಲ ಅದರದ್ದು, ಹೆಸರು ಆಮ್ಲದ್ದು.

ಹುಬ್ಳಿಮಾಸ್ತರ
ಗಾಳಿ ಅಂದ ಕೂಡಲೆ ನೆನಪಾತು. ಸ್ಟೀಫನ್ ಹೇಲ್ಸ್ ಅಂತ ಒಬ್ಬ ಪಾದ್ರಿ 1752ರಾಗ ನ್ಯೂಗೇಟ್ ಮಾಳಿಗಿ ಮ್ಯಾಲೆ ಗಾಳಿಗಿರಣಿ ಹಾಕಿ, ಕೊಳವಿಯಿಂದ ಒಳಗಿನ ಗಾಳಿ ಹೊರಗ ಎಳಸಿದ. ಕೊಳವಿ ಜೋಡಸಾಕ ಹೋದ ಬಡಿಗ್ಯಾರಿಗೇ ಜ್ವರ ಬಂತು! ಇನ್ನೊಂದು ಕಡೆ ಸರಕಾರದ ಕಿಡಕಿ ತೆರಿಗಿ. ಜೈಲಿನ ಕಿಡಕಿ ತೆರಿಗಿ ಜೈಲರ್ ಕಟ್ಟಬೇಕಾಗ್ತಿತ್ತು, ಅದಕ್ಕ ಅಂವ ಕಿಡಕಿ ಮುಚ್ಚಿಸಿಬಿಡಾಂವ. ಇದನ್ನೂ ಹೊವಾರ್ಡ್ ಬರದಾನ. ಒಂದು ಕೈಲೆ ಗಾಳಿ ಹಾಕೂದು, ಇನ್ನೊಂದು ಕೈಲೆ ಕಿಡಕಿ ಮುಚ್ಚೂದು.

ನಿಂಬೆಹುಳಿ
ಕಿಟಕಿಗೆ ತೆರಿಗೆನಾ?! ಈ ಐಡಿಯಾ ನಮ್ಮ ಪಾಲಿಕೆಯವರಿಗೆ ಹೇಳ್ಬೇಡಿ.

ಬಳ್ಳಾರಿಬಿಸಿಲು
ವಿಷಯಕ್ಕೆ ವಾಪಸ್ ಬರೋಣ. 1815ರ ಅಪೋಥೆಕರಿ ಕಾಯ್ದೆ ಬಿಟ್ಟು ಈ ಚರ್ಚೆ ಮುಂದೆ ಹೋಗಲ್ಲ. ಅದರ ಪ್ರಕಾರ ಐದು ವರ್ಷ ಗುರುವಿನ ಕೈಕೆಳಗೆ ಕೆಲಸ, ಆಮೇಲೆ ಲಂಡನ್ನಿನ ಅಪೋಥೆಕರೀಸ್ ಹಾಲ್‌ನಲ್ಲಿ ಪರೀಕ್ಷೆ, ಪಾಸಾದ್ರೆ ಪರವಾನಗಿ. ಇಲ್ಲದೆ ಅಪೋಥೆಕರಿ ಕೆಲಸ ಮಾಡಿದ್ರೆ 20 ಪೌಂಡ್ ದಂಡ. ಫಿಸಿಶಿಯನ್ ಚೀಟಿಯಂತೆ ಔಷಧಿ ಮಾಡಲ್ಲ ಅಂದ್ರೆ ಮೊದಲ ಸಲ 5 ಪೌಂಡ್, ಎರಡನೇ ಸಲ 10, ಮೂರನೇ ಸಲ ಪರವಾನಗಿಯೇ ರದ್ದು. ಪರವಾನಗಿ ಅಂತ ಗೌರವ ಕೊಟ್ಟ ಕೈಯಲ್ಲೇ "ನೀನು ಫಿಸಿಶಿಯನ್ ಆಳು" ಅಂತ ಬರೆದ ಹಾಗಾಯ್ತು. ಅಪೋಥೆಕರಿಗಳಿಗೆ ಇದು ಉರಿದುಹೋಯ್ತು. ಅತ್ತ ಔಷಧಿ ಅಂಗಡಿ ಇಟ್ಟು ಅವರ ವ್ಯಾಪಾರ ಕಿತ್ತುಕೊಳ್ತಿದ್ದ ಡ್ರಗಿಸ್ಟ್‌ಗಳಿಗೆ ಕಾಯ್ದೆಯಿಂದ ವಿನಾಯಿತಿ. ಡ್ರಗಿಸ್ಟ್‌ಗಳ ವಿರುದ್ಧ 1794ರಿಂದಲೇ ಸಂಘ ಕಟ್ಟಿ ಕೂಗಾಡಿದ್ದು ವ್ಯರ್ಥ.

ಜೈಲಿಗೆ ಇದು ಹೇಗೆ ತಾಗುತ್ತೆ ಅಂದ್ರೆ, ಸರ್ಜನ್‌ಗಳ ಕಾಲೇಜಿನ ಡಿಪ್ಲೊಮಾ ಮಾತ್ರ ಇದ್ದವನು ಮೂಳೆ ಕಟ್ಟಬಹುದು. ಜ್ವರಕ್ಕೆ ಔಷಧಿ ಕೊಟ್ಟರೆ ಅದು ಅಪೋಥೆಕರಿ ಕೆಲಸ. 1828ರ ಒಂದು ಮೊಕದ್ದಮೆಯಲ್ಲಿ ಕೋರ್ಟು ಇದನ್ನೇ ಹೇಳಿತು: ಟೈಫಸ್ ಸರ್ಜನ್ ಕೆಲಸ ಅಲ್ಲ, ಅಪೋಥೆಕರಿ ಪರವಾನಗಿ ಇಲ್ಲದ ಸರ್ಜನ್ ಅದರ ಔಷಧಿಗೆ ಹಣ ವಸೂಲಿ ಮಾಡೋ ಹಾಗಿಲ್ಲ. ಯಾವ ರೋಗದ ಮೇಲೆ ನೋಡಿ! ಜೈಲಿನ ರೋಗದ ಮೇಲೇ. ಅದಕ್ಕೇ ಬುದ್ಧಿವಂತರು ಎರಡೂ ಪರೀಕ್ಷೆ ಕಟ್ಟಿಬಿಡ್ತಿದ್ರು.

ಕುಟ್ಟಾಣಿ
ಅದು ಹಣ ವಸೂಲಿ ಪ್ರಶ್ನೆ ಬಿಸಿಲಣ್ಣ. ಹೊರಗಿನ ರೋಗಿ ಬಿಲ್ಲು ಕಟ್ಟದಿದ್ದಾಗ ಬರೋ ವ್ಯಾಜ್ಯ. ಜೈಲಿನವನಿಗೆ ಸಂಬಳ ಕೊಡೋದು ಕೌಂಟಿ, ಅಲ್ಲಿ ಯಾವ ಕೈದಿ ಮೇಲೆ ವಸೂಲಿ ಕೇಸು ಹಾಕ್ತಾನೆ?

ಬಳ್ಳಾರಿಬಿಸಿಲು
ಕೈದಿ ಮೇಲೆ ಹಾಕಲ್ಲ. ಹುದ್ದೆ ಖಾಲಿಯಾದಾಗ ಪೈಪೋಟಿಗೆ ನಿಂತ ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಮೇಲೆ ಇದನ್ನೇ ಎತ್ತಿ ಹಿಡೀಬಹುದು, 20 ಪೌಂಡ್ ದಂಡದ ಕಲಂ ತೋರಿಸಿ. ಆ ಹುದ್ದೆಗೆ ಸಂಬಳ ಕಮ್ಮಿಯಾದ್ರೂ ಕೌಂಟಿ ನ್ಯಾಯಾಧೀಶರ ಪರಿಚಯ ಸಿಗುತ್ತೆ, ಅವರ ಮನೆಗಳ ವೈದ್ಯವೂ ಸಿಗುತ್ತೆ.

ಇನ್ನು ಹಳೇಕಡತ ಅವರ ಮೂರನೇ ಪ್ರಶ್ನೆ. 1823ರಲ್ಲಿ ಗೃಹಮಂತ್ರಿ ಪೀಲ್ ತಂದ ಜೈಲು ಕಾಯ್ದೆಯಲ್ಲಿ ಸರ್ಜನ್ ವಾರಕ್ಕೆ ಎರಡು ಸಲವಾದರೂ ಬರಬೇಕು, ಅಪರಾಧಿ, ಸಾಲಗಾರ ಅನ್ನದೆ ಪ್ರತಿ ಕೈದಿಯನ್ನೂ ನೋಡಬೇಕು, ದಿನಚರಿ ಬರೀಬೇಕು ಅಂತಿದೆ. ಈ ದಿನಚರಿಯೇ ಆಯುಧ. ಬಾಯಲ್ಲಿ ಹೇಳಿದ್ದನ್ನು ಜೈಲರ್ ಮರೆತೆ ಅನ್ನಬಹುದು, ಪುಸ್ತಕದಲ್ಲಿ ತಾರೀಕು ಹಾಕಿ ಬರೆದದ್ದು ನ್ಯಾಯಾಧೀಶರ ಮುಂದೆ ಬರುತ್ತೆ. ಆಗ ತಾನೇ ಕೈದಿಗಳು ಮೆಟ್ಟಿಲು ಹತ್ತಿದ ಹಾಗೆ ತುಳಿದು ತಿರುಗಿಸಬೇಕಾದ ತುಳಿಚಕ್ರ ಬಂದಿತ್ತು, ಬ್ರಿಕ್ಸ್‌ಟನ್‌ನಲ್ಲಿ 1821ಕ್ಕೆ. ಯಾರು ಚಕ್ರ ಹತ್ತಬೇಕು, ಯಾರಿಗೆ ವಿನಾಯಿತಿ ಅನ್ನೋದರ ಮೇಲೆ ದಿನಾ ಜಗಳ. ಜಾನ್ ಮೇಸನ್ ಗುಡ್ ಅನ್ನೋ ವೈದ್ಯ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿನ ಚಕ್ರ ನೋಡಿ, ಅದರಿಂದ ಹೆಂಗಸರ ಆರೋಗ್ಯ ಕೆಡುತ್ತೆ ಅಂತ ಬರೆದ. ಅವನು ಶುರು ಮಾಡಿದ್ದು ಸಣ್ಣ ಊರಿನ ಸರ್ಜನ್-ಅಪೋಥೆಕರಿಯಾಗಿ.

ಗುಲ್ಕಂದ್
ಊಟದ ವಿಷಯದಲ್ಲಿ ಯಾರ ಮಾತು?

ಕರಾವಳಿಕಾಗೆ
ಅದಕ್ಕೆ ಮಿಲ್‌ಬ್ಯಾಂಕ್ ನೋಡಬೇಕು. ಸ್ವಲ್ಪ ಉದ್ದ ಆಗ್ತದೆ, ಓದಿ.

ಥೇಮ್ಸ್ ದಡದಲ್ಲಿ 1816ರಲ್ಲಿ ತೆರೆದ ರಾಷ್ಟ್ರೀಯ ಸೆರೆಮನೆ ಅದು. ಊಟ ಭರ್ಜರಿ, ಕೈದಿಗಳು ಕೊಬ್ಬಿದ್ದಾರೆ ಅಂತ ಹೊರಗಿನವರ ದೂರು. 1822ರ ಜುಲೈನಲ್ಲಿ ಊಟ ಕಡಿತ ಮಾಡಿದರು. ಆಲೂಗಡ್ಡೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಗಂಡಸಿಗೆ ದಿನಕ್ಕೆ ಒಂದೂವರೆ ಪೌಂಡ್ ಬ್ರೆಡ್, ಬೆಳಗ್ಗೆ ಸಂಜೆ ಒಂದೊಂದು ಪೈಂಟ್ ಗಂಜಿ, ಮಧ್ಯಾಹ್ನ ಒಂದು ಪೈಂಟ್ ಸೂಪು. ಸೂಪಿಗೆ ಮಾಂಸ ಎಂದರೆ ಎತ್ತಿನ ತಲೆ, ಸುಮಾರು ನೂರು ಗಂಡಸರಿಗೆ ಒಂದು ತಲೆಯ ಲೆಕ್ಕ. ಸರ್ಜನ್ ಕೋಪ್‌ಲ್ಯಾಂಡ್ ಹಚಿಸನ್ ಇದಕ್ಕೆ ಒಪ್ಪಿದ್ದ. ಅವನು ಹೊರಗಿನಿಂದ ಬಂದು ಹೋಗುವವ. ಒಳಗೇ ವಾಸವಿದ್ದು ದಿನಾ ರೋಗಿಗಳ ಮುಖ ನೋಡುತ್ತಿದ್ದದ್ದು ಅಪೋಥೆಕರಿ.

ಚಳಿಗಾಲದಲ್ಲಿ ಕೈದಿಗಳು ಬಡಕಲಾದರು. 1823ರ ಆರಂಭದಲ್ಲಿ ಒಸಡು ಊದುವುದು, ತೊಡೆ ಕಾಲಿನಲ್ಲಿ ಕಪ್ಪು ಕಲೆ, ಜತೆಗೆ ಭೇದಿ. ಪೀಟರ್ ಮಾರ್ಕ್ ರೊಜೆ, ಪಿ. ಎಂ. ಲೇಥಂ ಅಂತ ಇಬ್ಬರು ಫಿಸಿಶಿಯನ್‌ಗಳನ್ನು ಕರೆಸಿದರು. ಅರ್ಧಕ್ಕಿಂತ ಹೆಚ್ಚು ಕೈದಿಗಳಿಗೆ ಸ್ಕರ್ವಿ, ತಾಜಾ ತರಕಾರಿ ಹಣ್ಣು ಇಲ್ಲದೆ ಬರುವ ರೋಗ. ಅಡುಗೆಮನೆಯಲ್ಲಿ ಕೆಲಸ ಮಾಡುವ ಕೈದಿಗಳು ಮಾತ್ರ ಹೆಚ್ಚುಕಡಿಮೆ ಪಾರಾಗಿದ್ದರು. ಕಾರಣ ಹುಡುಕಲು ಇನ್ನೇನು ಬೇಕು? ದಿನಕ್ಕೆ ನಾಲ್ಕು ಔನ್ಸ್ ಮಾಂಸ, ಎಂಟು ಔನ್ಸ್ ಅಕ್ಕಿ, ಕಂದು ಬ್ರೆಡ್ಡಿನ ಬದಲು ಬಿಳಿಯದ್ದು, ಮೂರು ಹೊತ್ತೂ ಒಂದೊಂದು ಕಿತ್ತಳೆ ಕೊಡಿ ಅಂದರು. ಕೆಲವೇ ವಾರಗಳಲ್ಲಿ ಸ್ಕರ್ವಿ ಇಳಿಯಿತು. ಸೆರೆಮನೆಯ ಆಡಳಿತ ಸಮಿತಿ ಹಚಿಸನ್‌ನನ್ನು ಕೆಲಸದಿಂದ ಬಿಡಿಸಿತು.

ಆದರೆ ಭೇದಿ ನಿಲ್ಲಲಿಲ್ಲ, ಮತ್ತೆ ಏರಿತು. ಈಗ ಫಿಸಿಶಿಯನ್‌ಗಳು ಹಿಡಿದದ್ದು ಪಾದರಸ, ಅಫೀಮು. ಕೊನೆಗೆ ಸೆರೆಮನೆಯನ್ನೇ ಖಾಲಿ ಮಾಡಿ ಗಂಡಸರನ್ನು ವುಲಿಚ್‌ನ ಸೆರೆಹಡಗುಗಳಿಗೆ, ಹೆಂಗಸರನ್ನು ರೀಜೆಂಟ್ಸ್ ಪಾರ್ಕಿನ ಕಣ್ಣಿನ ಆಸ್ಪತ್ರೆಯ ಕಟ್ಟಡಕ್ಕೆ ಸಾಗಿಸಬೇಕಾಯಿತು.

ತೂಕದಕಲ್ಲು
ಅಡುಗೆಯವರ ಪಾಲಿಗೆ ಬ್ರೆಡ್ಡೇ ಬೇರೆ ಇತ್ತು, ದಿನಕ್ಕೆ ಮೂರು ಪೌಂಡ್, ಅಂದ್ರೆ ಉಳಿದವರ ಎರಡರಷ್ಟು. ಬರೀ ಬ್ರೆಡ್ಡಿಂದ ಸ್ಕರ್ವಿ ತಪ್ಪಲ್ಲ. ತರಕಾರಿ ಹೆಚ್ಚೋನ ಬಾಯಿಗೆ ತರಕಾರಿ ಹೋಗದೆ ಇರುತ್ತಾ?

ಕುಟ್ಟಾಣಿ
ರೊಜೆ, ಲೇಥಂ ಇಬ್ಬರೂ ದೋಷ ಹೊರಿಸಿದ್ದು ಊಟದ ಕೊರತೆ ಮತ್ತು ಚಳಿಯ ಮೇಲೆ, ಆಲೂಗಡ್ಡೆಯನ್ನೇ ಬೊಟ್ಟು ಮಾಡಿ ತೋರಿಸಲಿಲ್ಲ. ತೋರಿಸಿದ್ದು ಅದೇ ಮಿಲ್‌ಬ್ಯಾಂಕಿನ ವೈದ್ಯ ವಿಲಿಯಂ ಬಾಲಿ, 1840ರ ದಶಕದಲ್ಲಿ. ಅಲ್ಲಿದ್ದ ಸೈನಿಕ ಕೈದಿಗಳಿಗೆ ಆಲೂಗಡ್ಡೆ ಇಲ್ಲದ ಊಟ, ಅವರಿಗೆ ಸ್ಕರ್ವಿ. ಅದೇ ಕಟ್ಟಡ, ಅದೇ ನದಿಗಾಳಿ, ಉಳಿದ ಕೈದಿಗಳಿಗೆ ಆಲೂಗಡ್ಡೆ ಇತ್ತು, ಸ್ಕರ್ವಿ ಇಲ್ಲ. ಊಟದ ಪಟ್ಟಿಗೆ ಆಲೂಗಡ್ಡೆ ಸೇರಿಸಿದ ಮೇಲೆ ಅದೂ ನಿಂತಿತು. ಜೌಗು ಜಾಗ, ಕೆಟ್ಟ ಗಾಳಿ ಅನ್ನೋ ವಾದ ಸ್ಕರ್ವಿ ಮಟ್ಟಿಗಂತೂ ಅಲ್ಲಿಗೆ ಮುಗೀತು.

ಹುಬ್ಳಿಮಾಸ್ತರ
ನಾ ಕೇಳೂದು ಬ್ಯಾರೆ. ಒಳಗ ಇದ್ದ ಅಪೋಥೆಕರಿಗೆ ಮೊದಲ ಗೊತ್ತಾಗಿರಬೇಕಲ್ಲ? ದಿನಾ ನೋಡಾಂವ ಅಂವ. ಆದ್ರ ಮ್ಯಾಲಿನ ಸರ್ಜನ್ ಒಪ್ಪಿ ಸಹಿ ಹಾಕಿದ ಊಟದ ಪಟ್ಟಿನ್ನ ಅಂವ ತಪ್ಪು ಅನ್ನಾಕ ಬರ್ತದೇನು? ಅಂದ್ರ ಕೆಲಸ ಹೋತು. ಬಂದು ಹೋಗಾಂವಗ ಅಧಿಕಾರ, ಇದ್ದು ನೋಡಾಂವಗ ಗುಳಿಗಿ ತಿಕ್ಕೂದು. ಎಲ್ಲಾ ರೋಗದ ಮೂಲ ಈ ಏರ್ಪಾಟನ್ಯಾಗೇ ಐತಿ.

ಬಳ್ಳಾರಿಬಿಸಿಲು
ಆ ಏರ್ಪಾಟು ನಮ್ಮಲ್ಲಿಗೂ ಬಂತು. 1894ರ ಭಾರತದ ಪ್ರಿಸನ್ಸ್ ಆಕ್ಟ್ ತೆಗೆದು ನೋಡಿ. ಮೇಲೆ ಮೆಡಿಕಲ್ ಆಫೀಸರ್, ಕೆಳಗೆ "ಮೆಡಿಕಲ್ ಸಬಾರ್ಡಿನೇಟ್". ಈ ಸಬಾರ್ಡಿನೇಟ್ ಯಾರು ಅಂತ ಕಾಯ್ದೆಯಲ್ಲೇ ಇದೆ: ಅಸಿಸ್ಟೆಂಟ್ ಸರ್ಜನ್, ಅಪೋಥೆಕರಿ ಅಥವಾ ಅರ್ಹ ಹಾಸ್ಪಿಟಲ್ ಅಸಿಸ್ಟೆಂಟ್. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಮಂಗಳೂರು ಜೈಲುಗಳೂ ಇದೇ ಕಾಯ್ದೆ ಕೆಳಗೆ ಬರ್ತಿದ್ವು. ಮೈಸೂರು ಸಂಸ್ಥಾನದ್ದು ಬೇರೆ ಲೆಕ್ಕ.

ಒಳ್ಳೇ ಅಂಶಗಳೂ ಇವೆ. 29ನೇ ಕಲಂ: ಒಂಟಿ ಕೋಣೆಯಲ್ಲಿ 24 ಗಂಟೆಗಿಂತ ಹೆಚ್ಚು ಇಟ್ಟ ಕೈದಿಯನ್ನು ದಿನಕ್ಕೆ ಒಂದು ಸಲವಾದರೂ ಆಫೀಸರ್ ಅಥವಾ ಸಬಾರ್ಡಿನೇಟ್ ಹೋಗಿ ನೋಡಬೇಕು. 35: ದುಡಿಯೋ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆ ಅವನ ಹಿಸ್ಟರಿ ಟಿಕೆಟ್‌ನಲ್ಲಿ ಬರೀಬೇಕು. ಮಿಲ್‌ಬ್ಯಾಂಕ್‌ನಲ್ಲಿ ಈ ತೂಕದ ಪುಸ್ತಕ ಒಂದಿದ್ದಿದ್ರೆ 1822ರ ಅಕ್ಟೋಬರಿಗೇ ಸಿಕ್ಕಿಬೀಳೋದು. 53 ಮಾತ್ರ ಓದೋಕೆ ಕಷ್ಟ: ಛಡಿಯೇಟು ಹೊಡೆಯುವಾಗ ಸೂಪರಿಂಟೆಂಡೆಂಟ್ ಜೊತೆ ಆಫೀಸರ್ ಅಥವಾ ಸಬಾರ್ಡಿನೇಟ್ ಎದುರಿಗೆ ನಿಂತಿರಬೇಕು.

ಗುಲ್ಕಂದ್
ಏಟಿಗೂ ಸಾಕ್ಷಿ, ಗಾಯಕ್ಕೆ ಮುಲಾಮೂ ಅವನದ್ದೇ. 😐

ನಿಂಬೆಹುಳಿ
ಒಂದು ಡೌಟು. ಮಿಲ್‌ಬ್ಯಾಂಕ್‌ನಲ್ಲಿ ಸ್ಕರ್ವಿಗೆ ಒಸಡು ಊದುತ್ತೆ ಅಂದ್ರಿ. ಪಾದರಸ ಜಾಸ್ತಿಯಾದ್ರೂ ಒಸಡು ಊದುತ್ತೆ. ಒಂದೇ ಕೈದಿಗೆ ಎರಡೂ ಆಗಿದ್ರೆ ಅಪೋಥೆಕರಿ ಯಾವುದು ಅಂತ ಹೇಗೆ ಗುರುತಿಸೋದು?

ಕುಟ್ಟಾಣಿ
ಪಾದರಸದ್ದಾದ್ರೆ ಜೊಲ್ಲು ಧಾರಾಳ, ಬಾಯಲ್ಲಿ ಲೋಹದ ರುಚಿ, ಉಸಿರು ಒಂದು ಥರ ನಾತ, ಹಲ್ಲು ಎಲ್ಲಾ ಒಟ್ಟಿಗೆ ಅಲುಗಾಡುತ್ತೆ. ಸ್ಕರ್ವಿಯಲ್ಲಿ ಜೊಲ್ಲು ಅಷ್ಟಿಲ್ಲ. ಒಸಡು ಸ್ಪಂಜಿನಂತೆ ಹಲ್ಲಿನ ಮೇಲೆ ಏರಿ, ಮುಟ್ಟಿದ್ರೆ ರಕ್ತ. ಬಾಯಿ ನೋಡಿ ತೀರ್ಮಾನ ಮಾಡೋದೇ ಬೇಡ, ಚಲ್ಲಣ ಎತ್ತಿಸಿ ತೊಡೆ, ಮಂಡಿಯ ಹಿಂಭಾಗ ನೋಡಬೇಕು. ಕೂದಲ ಬುಡದ ಸುತ್ತ ಚುಕ್ಕಿ, ಹೆಪ್ಪುಗಟ್ಟಿದ ಕಪ್ಪು ಕಲೆ, ಮಂಡಿ ಮಡಿಸೋಕೆ ಆಗದ ಬಿಗಿತ ಇದ್ರೆ ಸ್ಕರ್ವಿ. ಪಾದರಸದಿಂದ ಅದು ಬರಲ್ಲ.

ಕರಾವಳಿಕಾಗೆ
ಎರಡೂ ಇದ್ದರೆ ಮೊದಲು ಪಾದರಸ ನಿಲ್ಲಿಸಬೇಕು. ಸ್ಕರ್ವಿ ರೋಗಿಗೆ ಪಾದರಸ ಕೊಡಲೇಬಾರದು ಅಂತ ಲಿಂಡ್ 1753ರಲ್ಲೇ ಬರೆದಿದ್ದ. ಎಪ್ಪತ್ತು ವರ್ಷ ಕಳೆದು ಮಿಲ್‌ಬ್ಯಾಂಕಿನಲ್ಲಿ ಕಿತ್ತಳೆಯಿಂದ ಈಗಷ್ಟೇ ಚೇತರಿಸಿಕೊಂಡವರ ಮೇಲೆ ಪಾದರಸ ಸುರಿದರು.

ಕುಟ್ಟಾಣಿ
ಲೇಥಂ ಪಾದರಸ ಕೊಟ್ಟದ್ದು ಸ್ಕರ್ವಿಗಲ್ಲ, ಭೇದಿಗೆ, ಅದೂ ಕಲೆಗಳು ಮಾಯವಾದ ಮೇಲೆ. ಅಫೀಮು, ಸೀಮೆಸುಣ್ಣದಲ್ಲಿ ನಿಲ್ಲದ್ದು ಇದರಲ್ಲಿ ನಿಂತಿತು ಅಂತ ಅವನ ವಾದ.

ಕರಾವಳಿಕಾಗೆ
ನಿಂತಿದ್ದರೆ ಸೆರೆಮನೆ ಯಾಕೆ ಖಾಲಿ ಮಾಡಿದರು ಮಾರಾಯ್ರೆ?